ಭೂತಕಾಲ ಬೇಗ ಬರುವ ಪುಸ್ತಕ

ಜುಲೈ 9

ಅಕ್ಕಾ,

ಎರಡನೇ ಪಾಳಿ ಶುರುವಾಗಲು ಇನ್ನೂ ಒಂದೂವರೆ ಗಂಟೆ ಇದೆ. ಮಗಳು ಶಾಲೆಗೆ, ಇವಳು ಹೊಲಿಗೆ ತರಗತಿಗೆ ಹೋಗಿದ್ದಾರೆ. ಕ್ವಾರ್ಟರ್ಸಿನಲ್ಲಿ ನಾನೊಬ್ಬನೇ. ಫೋನ್ ಮಾಡಿದರೆ ಈಗೀಗ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧಕ್ಕೆ ‘ಹೂಂ’ ಅನ್ನುತ್ತೀಯ. ಅದಕ್ಕೇ ಕಾಗದ.

ನನಗೊಂದು ಪುಸ್ತಕ ಬೇಕು. ಕೊರಿಯನ್ ಭಾಷೆ ಕಲಿಯುವುದಕ್ಕೆ, ಒಂದಕ್ಷರವೂ ಬಾರದವನಿಗೆ. ನಮ್ಮ ಭಾಷೆಯಲ್ಲಿ ವಿವರಿಸಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಂಗ್ಲಿಷಾದರೂ ನಡೆಯುತ್ತದೆ. ಮಷೀನಿನ ಕೈಪಿಡಿ ಓದಿ ಓದಿ ಅಷ್ಟು ಬಂದಿದೆ. ಚಿತ್ರ ಬೇಡ. ಮಾತಾಡಲು ಕಲಿಸದಿದ್ದರೂ ಪರವಾಗಿಲ್ಲ, ಬರೆಯಲು ಕಲಿಸಬೇಕು. ಹಿಂದೆ ನಡೆದದ್ದನ್ನು ಹೇಳುವ ಪಾಠ ಬೇಗ ಬರಬೇಕು. ನೂರು ಪುಟದವರೆಗೂ ‘ಇದು ಸೇಬು, ಅದು ಕುರ್ಚಿ’ ಎಂದು ಹೇಳಿಸುವ ಪುಸ್ತಕ ಬೇಡ.

ಕಾರ್ಖಾನೆಗೆ ಕೊರಿಯಾದಿಂದ ಹೊಸ ಮಷೀನು ಬಂದಿದೆ. ರಟ್ಟಿನ ಹಾಳೆ ಮಾಡುವುದು, ಎಪ್ಪತ್ತು ಮೀಟರ್ ಉದ್ದ. ಅದಕ್ಕೇ ಅಂದುಕೋ.

ನಿನ್ನ ತಮ್ಮ


ಜುಲೈ 17

ತಮ್ಮನಿಗೆ,

ನಮ್ಮ ಗ್ರಂಥಾಲಯದಲ್ಲಿ ಕೊರಿಯನ್ ಕಾದಂಬರಿಗಳ ಅನುವಾದ ಹನ್ನೊಂದು ಇವೆ. ಹತ್ತನ್ನು ನಾನೊಬ್ಬಳೇ ಓದಿದ್ದೇನೆ. ಹನ್ನೊಂದನೆಯದನ್ನು ಯಾರೋ ತೆಗೆದುಕೊಂಡು ಹೋದವರು ತಿರುಗಿ ಬಂದಿಲ್ಲ. ಭಾಷೆ ಕಲಿಸುವ ಪುಸ್ತಕ ಮಾತ್ರ ಒಂದೂ ಇಲ್ಲ. ಎದುರಿನ ಅಂಗಡಿಗೆ ಹೋದೆ.

‘ಯಾರಿಗೆ ಮೇಡಂ, ನಿಮಗಾ?’

‘ತಮ್ಮನಿಗೆ.’

‘ವಯಸ್ಸು?’

‘ನಲವತ್ತಾರು.’

‘ಅಯ್ಯೋ, ನಲವತ್ತಾರಾ? ಕಾಲೇಜು ಹುಡುಗೀರು ಕೇಳ್ತಾರೆ ಮೇಡಂ ಇದನ್ನ, ಸೀರಿಯಲ್ ನೋಡೋಕೆ. ಗಂಡಸ್ರು ಕೇಳಿದ್ದು ಇದೇ ಮೊದ್ಲು.’

ಮೂರು ಪುಸ್ತಕ ಇಟ್ಟ. ಒಂದೊಂದನ್ನೂ ನಿಂತೇ ನೋಡಿದೆ. ನೀಲಿ ರಟ್ಟಿನದು ಪ್ರಯಾಣಿಕರಿಗೆ: ನಿಲ್ದಾಣ, ಹೋಟೆಲು, ಔಷಧದಂಗಡಿ. ಬಿಳಿಯದು ದಪ್ಪ, ಒಣ, ಪ್ರತಿ ಪಾಠದ ಕೊನೆಗೆ ಇಪ್ಪತ್ತು ವಾಕ್ಯ ಬರೆಯಬೇಕು. ಮೂರನೆಯದು ಮಕ್ಕಳಿಗೆ, ಅಕ್ಷರಗಳಿಗೆ ಬಣ್ಣ ತುಂಬುವುದು. ನೀನು ಹೇಳಿದಂತೆ ಪುಟ ಎಣಿಸಿದೆ. ಭೂತಕಾಲ ನೀಲಿಯಲ್ಲಿ 118ನೇ ಪುಟಕ್ಕೆ, ಬಿಳಿಯಲ್ಲಿ 94ಕ್ಕೆ ಬರುತ್ತದೆ. ಮಕ್ಕಳದ್ದರಲ್ಲಿ ಬರುವುದೇ ಇಲ್ಲ.

ಆದರೂ ನೀಲಿಯದನ್ನೇ ಕಳಿಸುತ್ತಿದ್ದೇನೆ. ಕಂಪನಿ ನಿನ್ನನ್ನು ತರಬೇತಿಗೆ ಕಳಿಸುತ್ತಿದೆ, ಖಚಿತವಾಗುವವರೆಗೆ ಯಾರಿಗೂ ಹೇಳಬಾರದೆಂದಿದ್ದೀಯ. ಸರಿ ತಾನೆ? ಪರದೇಶದಲ್ಲಿ ದಾರಿ ತಪ್ಪಿದವನಿಗೆ ಭೂತಕಾಲದಿಂದ ಏನು ಪ್ರಯೋಜನ?

‘ಅಂದುಕೋ’ ಎಂದು ಬರೆದಿದ್ದೀಯ. ಅನುವಾದದಲ್ಲಿ ಹೀಗೆ ಏನನ್ನೋ ಮುಚ್ಚಿಡುವ ಪದ ಸಿಕ್ಕರೆ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು ನನ್ನ ಅಭ್ಯಾಸ. ನಿನ್ನ ಕಾಗದಕ್ಕೂ ಎಳೆದೆ. ಕೇಳುವುದಿಲ್ಲ.

ಅಕ್ಕ


ಆಗಸ್ಟ್ 3

ಅಕ್ಕಾ,

ಪುಸ್ತಕ ತಲುಪಿತು. ಅಕ್ಷರ ಬಂತು. ಕಷ್ಟವಾಗಲಿಲ್ಲ, ಫಿಟ್ಟರನಿಗೆ ಪರಿಚಯದ ಆಕಾರಗಳೇ. ಒಂದು ವಾಷರಿನ ಹಾಗೆ, ಒಂದು ಮೂಲೆಗೆ ಹೊಡೆಯುವ ಪಟ್ಟಿಯ ಹಾಗೆ, ಒಂದು ಚೌಕದ ಪೈಪನ್ನು ತುದಿಯಿಂದ ನೋಡಿದ ಹಾಗೆ. ಮಗಳು ನನ್ನ ನೋಟ್‌ಬುಕ್ ನೋಡಿ ನಕ್ಕಳು.

‘ಅಪ್ಪಾ, ಇದು ಭಾಷೆನಾ, ಸ್ಪೇರ್ ಪಾರ್ಟ್ಸ್ ಲಿಸ್ಟಾ?’

‘ನೀನು ಗಣಿತ ಮಾಡು ಹೋಗು.’

‘ನಾನ್ ಹತ್ತನೇ ಕ್ಲಾಸು, ನೀನು ಒಂದನೇ ಕ್ಲಾಸು. ಯಾರು ಯಾರಿಗೆ ಹೇಳ್ಬೇಕು?’

ಇವಳೂ ಪಕ್ಕದ ಮನೆಯವರಿಗೆ ಹೇಳಿಕೊಂಡು ಬಂದಿದ್ದಾಳೆ, ‘ನಮ್ಮೋರು ಫಾರಿನ್ನಿಗೆ ಹೋಗ್ತಾರಂತೆ’ ಅಂತ. ನಿನ್ನ ಕಾಗದ ಓದಿರಬೇಕು. ನಾನು ಇಲ್ಲವೆನ್ನಲಿಲ್ಲ.

ಆದರೆ ಈ ಪುಸ್ತಕ ನನಗಲ್ಲ ಅಕ್ಕಾ. ಇದರಲ್ಲಿ ಎಲ್ಲರೂ ಏನಾದರೂ ಕೇಳುತ್ತಲೇ ಇರುತ್ತಾರೆ. ಬಸ್ಸು ಎಲ್ಲಿ, ನೀರು ಎಲ್ಲಿ, ಕೋಣೆ ಖಾಲಿ ಇದೆಯೇ. ಯಾರೂ ಏನನ್ನೂ ಹೇಳುವುದಿಲ್ಲ. ನಾನು ಕೇಳಬೇಕಾದದ್ದು ಏನೂ ಇಲ್ಲ. ಬಿಳಿಯದನ್ನು ಕಳಿಸು.

ತಮ್ಮ


ಆಗಸ್ಟ್ 12

ತಮ್ಮನಿಗೆ,

ಬಿಳಿಯದು ಇದರ ಜೊತೆಗಿದೆ. ಅಂಗಡಿಯವನು ‘ನೀಲಿ ಮುಗಿಸೇ ಬಿಟ್ರಾ? ಭಾರಿ ಚುರುಕು ಬಿಡಿ ನಿಮ್ಮ ತಮ್ಮ’ ಎಂದ. ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸುವಾಗ ಏಳರ ಹತ್ತಿರ ಬಂದರೆ ಹೊಟ್ಟೆನೋವು ಎನ್ನುತ್ತಿದ್ದವನು ನೀನು ಎಂದು ನಾನು ಹೇಳಲಿಲ್ಲ.

‘ಹೇಳುವ’ ಪುಸ್ತಕ ಬೇಕು ಎಂದಿದ್ದೀಯ. ಯಾರಿಗೆ? ಆ ದೇಶದವರು ಯಾರಾದರೂ ಪರಿಚಯವಾಗಿದ್ದಾರೆಯೇ? ಹೆಣ್ಣಾಗಿದ್ದರೆ ನಿನ್ನ ಹೆಂಡತಿ ಹೊಲಿಗೆಯ ಕತ್ತರಿಯನ್ನು ಎಲ್ಲಿಡುತ್ತಾಳೆಂದು ನೋಡಿಕೊಂಡಿರು. ತಮಾಷೆಗೆ ಬರೆದೆ. ಹೊರಡುವ ತಿಂಗಳನ್ನಾದರೂ ತಿಳಿಸು. ಅಲ್ಲಿ ಚಳಿ ಬಹಳವೆಂದು ಆ ಹತ್ತೂ ಕಾದಂಬರಿಗಳಲ್ಲಿ ಇದೆ. ನಿನಗೊಂದು ಸ್ವೆಟರ್ ಹಾಕಲು ಶುರುಮಾಡಿದ್ದೇನೆ, ಬೂದು ಬಣ್ಣದ್ದು.

ಅಕ್ಕ


ಸೆಪ್ಟೆಂಬರ್ 6

ತಮ್ಮನಿಗೆ,

ನಿನ್ನಿಂದ ಉತ್ತರವಿಲ್ಲ. ಬಿಳಿ ಪುಸ್ತಕದಲ್ಲಿ ಒಂದು ದೋಷವಿದೆಯೆಂದು ಅಂಗಡಿಯವನು ತಿಳಿಸಿದ. ಬೈಂಡಿಂಗಿನಲ್ಲಿ ಅಭ್ಯಾಸಗಳ ಉತ್ತರವಿರುವ ಕೊನೆಯ ಎಂಟು ಪುಟ ಬಿಟ್ಟುಹೋಗಿವೆಯಂತೆ. ಬೇರೆ ಪ್ರತಿಯಿಂದ ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ. ಎಡಬದಿಗೆ ಅಂಟು ಹಾಕಿ ಸೇರಿಸಿಕೋ, ಪಿನ್ನು ಹೊಡೆಯಬೇಡ, ಹರಿಯುತ್ತದೆ. ನಾಲ್ಕನೇ ಪಾಠದ ಒಂಬತ್ತನೇ ಉತ್ತರದಲ್ಲಿ ಅಚ್ಚಿನ ತಪ್ಪಿರುವ ಹಾಗೆ ಕಾಣುತ್ತದೆ.

ನನಗೆ ಈ ವಾರ ಹಳೆಯ ಪತ್ರಿಕೆಗಳನ್ನು ತಿಂಗಳುವಾರು ಜೋಡಿಸಿ ಬೈಂಡಿಗೆ ಕಳಿಸುವ ಕೆಲಸ. ಬೇರೆ ಊರಿನ ಆವೃತ್ತಿಗಳೂ ಈಗ ಬಂದಿವೆ. ಜೂನ್ ಮುಗಿಯಿತು.

ಇಲ್ಲಿ ಬೇರೆ ವಿಶೇಷವಿಲ್ಲ. ಆರೋಗ್ಯ ನೋಡಿಕೋ.

ಅಕ್ಕ


ಸೆಪ್ಟೆಂಬರ್ 25

ಅಕ್ಕಾ,

ಉತ್ತರದ ಹಾಳೆಗಳು ಬಂದವು. ಅಂಟಿಸಿದೆ.

94ನೇ ಪುಟ ತಲುಪಿದ್ದೇನೆ. ನೋಟ್‌ಬುಕ್ಕಿನಲ್ಲಿ ನನ್ನದೇ ವಾಕ್ಯ ಕಟ್ಟಿದೆ. ನಾನು ಹೋದೆ. ನಾನು ನೋಡಲಿಲ್ಲ. ನಾನು ತೆಗೆದೆ. ನಾಲ್ಕನೆಯದು ಆಗಲಿಲ್ಲ. ಏನನ್ನು ತೆಗೆದೆ ಎನ್ನುವುದಕ್ಕೆ ಒಂದು ವಸ್ತುವಿನ ಹೆಸರು ಬೇಕು, ಅದು ಎರಡು ಪುಸ್ತಕದಲ್ಲೂ ಇಲ್ಲ. ‘ತಪ್ಪು’ ಎನ್ನುವ ಪದ ಇದೆ. ಆದರೆ ಅದು ಉತ್ತರ ತಪ್ಪು, ದಾರಿ ತಪ್ಪು ಅನ್ನುವಂಥದ್ದು. ನನಗೆ ಬೇಕಾದ ತಪ್ಪು ಅದಲ್ಲ.

ಇದಕ್ಕಿಂತ ಮುಂದಿನ ಪುಸ್ತಕ ಇದ್ದರೆ ಕಳಿಸು. ಒಬ್ಬರ ಮನಸ್ಸಿಗೆ ಮುಟ್ಟುವ ಹಾಗೆ ಕಾಗದ ಬರೆಯುವುದನ್ನು ಕಲಿಸುವಂಥದ್ದು.

ನಿನ್ನೆ ಕಂಪನಿಯಲ್ಲಿ ಒಂದು ವಿಚಾರಣೆಯ ಕಾಗದಕ್ಕೆ ಸಹಿ ಹಾಕಿದೆ. ದೊಡ್ಡ ವಿಷಯವೇನಲ್ಲ. ಸ್ವೆಟರ್ ಹಾಕುವುದನ್ನು ನಿಲ್ಲಿಸು. ನಾನು ಎಲ್ಲಿಗೂ ಹೋಗುತ್ತಿಲ್ಲ.

ತಮ್ಮ


ಅಕ್ಟೋಬರ್ 4

ತಮ್ಮನಿಗೆ,

ಮೂರನೇ ಪುಸ್ತಕ ಕಳಿಸುವುದಿಲ್ಲ. ಕಾರಣ ಬರೆಯುತ್ತೇನೆ.

ಸೆಪ್ಟೆಂಬರ್ ಎರಡರಂದು ಜೂನ್ ತಿಂಗಳ ಪತ್ರಿಕೆ ಜೋಡಿಸುವಾಗ ನಿಮ್ಮ ಊರಿನ ಆವೃತ್ತಿಯ ಐದನೇ ಪುಟದಲ್ಲಿ ಒಂದು ಸುದ್ದಿ ನೋಡಿದೆ. ಹನ್ನೊಂದು ಸಾಲು. ರಟ್ಟಿನ ಕಾರ್ಖಾನೆಯಲ್ಲಿ ಮಷೀನು ಜೋಡಿಸಲು ಬಂದಿದ್ದ ಕೊರಿಯಾದ ತಂತ್ರಜ್ಞ ಸಾವು, ಮೂವತ್ನಾಲ್ಕು ವರ್ಷ, ನಿಯಮದಂತೆ ಬೀಗ ಹಾಕದೆ ಮಷೀನಿನೊಳಗೆ ಹೋಗಿದ್ದ ಎಂದು ಕಂಪನಿಯ ಹೇಳಿಕೆ. ಓದಿ, ಮಡಿಸಿ, ಹದಿಮೂರನೇ ತಾರೀಖಿನ ಪತ್ರಿಕೆಯ ಮೇಲೆ ಹದಿನಾಲ್ಕರದ್ದನ್ನು ಇಟ್ಟೆ. ನಾಲ್ಕು ದಿನ ಬಿಟ್ಟು ನಿನಗೆ ಅಂಟು, ಪಿನ್ನು ಎಂದು ಬರೆದೆ. ನೀನಾಗಿ ಹೇಳಲಿ ಎಂದು ಕಾದೆ ಅನ್ನಬಹುದು. ಕೇಳಲು ಹೆದರಿದೆ ಅನ್ನುವುದು ಹೆಚ್ಚು ಸರಿ.

ನಿನಗೆ ಸಿಗದ ಹೆಸರು ಬೀಗ, ಅಲ್ಲವೇ?

ನಾನು ಮೂವತ್ತು ವರ್ಷದಿಂದ ಅನುವಾದಗಳನ್ನೇ ಓದಿಕೊಂಡು ಬಂದವಳು. ಬೇರೆ ಭಾಷೆಯಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎನ್ನುವ ಅಂದಾಜು ನನಗಿದೆ. ಹೊಸದಾಗಿ ಕಲಿತ ಭಾಷೆಯಲ್ಲಿ ಮನುಷ್ಯ ಆರು ವರ್ಷದ ಮಗು. ಮಗು ಹೇಳುವಷ್ಟೇ ಹೇಳುತ್ತಾನೆ. ಮಗುವನ್ನು ಯಾರೂ ಗಟ್ಟಿಯಾಗಿ ಬೈಯುವುದಿಲ್ಲ. ನೀನು ಹುಡುಕುತ್ತಿರುವುದು ಅಂಥ ಜಾಗವೋ ಎಂಬ ಅನುಮಾನ ನನಗೆ. ಅಲ್ಲದಿದ್ದರೆ ಕ್ಷಮಿಸು.

ಯಾವ ಭಾಷೆಯಲ್ಲಿ ನಿನಗೆ ಎಲ್ಲ ಪದವೂ ಗೊತ್ತಿದೆಯೋ ಅದರಲ್ಲಿ ಮೊದಲು ಹೇಳು. ನನಗೆ ಹೇಳು.

ಅಕ್ಕ


ಅಕ್ಟೋಬರ್ 29

ಅಕ್ಕಾ,

ನಿನ್ನ ಕಾಗದ ಓದಿ ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ನಾವು ಅವರನ್ನು ಟಾರ್ಚ್ ಸಾರ್ ಅನ್ನುತ್ತಿದ್ದೆವು. ಎರಡೂ ಕೈಗೆ ಕೆಲಸ ಬಿದ್ದಾಗ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾತೂ ಆಡುತ್ತಿದ್ದರು. ಮೊದಲೇ ಅವರ ಮಾತು ನಮಗೆ ತಿಳಿಯುತ್ತಿರಲಿಲ್ಲ, ಟಾರ್ಚ್ ಕಚ್ಚಿದ ಮೇಲೆ ಕೇಳಬೇಕೇ. ‘ಈಗ ಸ್ವಲ್ಪ ಅರ್ಥ ಆಗ್ತಿದೆ ನೋಡು’ ಅಂತ ಹುಡುಗರು ನಗುತ್ತಿದ್ದರು. ಅವರೂ ನಗುತ್ತಿದ್ದರು. ಐದು ವಾರ ಅವರ ಜೊತೆಗೆ ನನ್ನನ್ನೇ ಹಾಕಿದ್ದರು. ಕೈಸನ್ನೆ, ನಾಲ್ಕು ಇಂಗ್ಲಿಷ್ ಪದ, ಅಷ್ಟರಲ್ಲೇ ಎಲ್ಲ ಕೆಲಸ ಆಗುತ್ತಿತ್ತು.

ನಮ್ಮಲ್ಲಿ ಪದ್ಧತಿ ಹೀಗಿದೆ. ಮಷೀನಿನೊಳಗೆ ಹೋಗುವ ಪ್ರತಿಯೊಬ್ಬನೂ ಮೇನ್ ಸ್ವಿಚ್ಚಿನ ಹಿಡಿಗೆ ತನ್ನ ಸ್ವಂತ ಬೀಗ ಹಾಕಬೇಕು. ಮೂವರು ಒಳಗಿದ್ದರೆ ಮೂರು ಬೀಗ. ಹೊರಬಂದವನು ತನ್ನದನ್ನು ಮಾತ್ರ ತೆಗೆಯಬೇಕು. ಕೊನೆಯ ಬೀಗ ಹೋಗುವವರೆಗೆ ಸ್ವಿಚ್ಚು ಮೇಲೇಳುವುದಿಲ್ಲ. ಹೊರಗಿನಿಂದ ಬಂದವರಿಗೆ ಹಳದಿ ಬೀಗ ಸ್ಟೋರಿನಲ್ಲಿ ಇರುತ್ತದೆ, ಪುಸ್ತಕದಲ್ಲಿ ಸಹಿ ಹಾಕಿ ತರಬೇಕು.

ಜೂನ್ 12, ಮೊದಲನೇ ಪಾಳಿ. ಹಾಳೆ ಒಂದು ಕಡೆಗೆ ಎಳೆಯುತ್ತಿತ್ತು, ರೋಲರುಗಳ ನಡುವೆ ಹೋಗಿ ನೋಡಬೇಕಿತ್ತು. ಸ್ಟೋರಿನವನು ಊಟಕ್ಕೆ ಹೋಗಿದ್ದ. ಟಾರ್ಚ್ ಸಾರ್ ಸ್ವಿಚ್ಚನ್ನು ತೋರಿಸಿದರು, ಸ್ಟೋರಿನ ಕಡೆ ತೋರಿಸಿದರು, ಕಾಯೋಣವೇ ಎಂಬ ಹಾಗೆ. ನಾನು ನನ್ನ ಕೆಂಪು ಬೀಗ ಹಾಕಿ ಅದನ್ನು ತಟ್ಟಿದೆ. ಅವರತ್ತ ಒಂದು ಬೆರಳು, ನನ್ನತ್ತ ಒಂದು ಬೆರಳು ತೋರಿಸಿದೆ, ಇಬ್ಬರಿಗೂ ಇದೇ ಸಾಕು ಎಂದು. ಅವರು ಒಪ್ಪಿ ಒಳಗೆ ಹೋದರು. ಹಿಂದೆಯೇ ನಾನೂ ಹೋದೆ.

ಎರಡು ಗಂಟೆಗೆ ಐದು ನಿಮಿಷ ಇರುವಾಗ ದೊಡ್ಡ ಸ್ಪ್ಯಾನರ್ ತರಲು ನಾನು ಹೊರಗೆ ಬಂದೆ. ಟೂಲ್ ಪೆಟ್ಟಿಗೆ ಹುಡುಕುವಾಗ ಪಾಳಿ ಮುಗಿದ ಸೈರನ್ ಆಯಿತು. ಹದಿನೆಂಟು ವರ್ಷದಿಂದ ಎರಡು ಗಂಟೆಯ ಸೈರನ್ ಆದ ಕೂಡಲೇ ನನ್ನ ಕೈ ಸ್ವಿಚ್ಚಿಗೆ ಹೋಗುತ್ತದೆ, ಬೀಗ ತೆಗೆಯುತ್ತದೆ, ಜೇಬಿಗೆ ಹಾಕುತ್ತದೆ. ಅವತ್ತೂ ಹಾಗೇ ಮಾಡಿತು. ಕೈ ಮಾಡಿತು ಎಂದು ಬರೆಯುವುದು ಸುಲಭ. ನಾನು ತೆಗೆದೆ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ, ಸೋಪು ಹಚ್ಚಿದೆ. ಮಷೀನು ಎದ್ದ ಸದ್ದು ಕೇಳಿಸಿತು. ಎರಡನೇ ಪಾಳಿಯ ಆಪರೇಟರ್ ಬೀಗ ಇಲ್ಲದ್ದನ್ನು ನೋಡಿಯೇ ಸ್ವಿಚ್ಚು ಎತ್ತಿದ್ದ. ಅವನದೇನೂ ತಪ್ಪಿಲ್ಲ. ಅವನು ಈಗ ಕೆಲಸಕ್ಕೆ ಬರುತ್ತಿಲ್ಲ.

ಎಂಟು ದಿನದ ಮೇಲೆ ಅವರ ತಾಯಿ ಬಂದರು. ಕುಳ್ಳಗೆ, ಕಪ್ಪು ಕೋಟು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಮ್ಯಾನೇಜರ್ ಮೊದಲೇ ಹೇಳಿದ್ದರು, ‘ಯಾರೂ ಬಾಯಿ ಬಿಡ್ಬೇಡಿ. ತಲೆ ಬಗ್ಗಿಸಿ, ಅಷ್ಟು ಸಾಕು.’ ಆಕೆ ಒಬ್ಬೊಬ್ಬರಿಗೂ ತಲೆ ಬಾಗಿಸುತ್ತ ಬಂದರು. ನನ್ನ ಮುಂದೆ ನಿಂತವರು ಮುಂದಕ್ಕೆ ಹೋಗಲಿಲ್ಲ. ಫೋನು ತೆಗೆದು ತೋರಿಸಿದರು. ಟಾರ್ಚ್ ಸಾರ್ ಮತ್ತು ನಾನು ಮಷೀನಿನ ಪಕ್ಕ ನಿಂತಿರುವ ಫೋಟೋ, ಮಗ ಕಳಿಸಿದ್ದು. ಆಮೇಲೆ ನನ್ನ ಕೈ ಹಿಡಿದು ಏನೋ ಹೇಳಿದರು. ಬಹಳ ಹೊತ್ತು ಹೇಳಿದರು.

ಕಂಪನಿ ಕರೆಸಿದ್ದ ದುಭಾಷಿ ಪಕ್ಕದಲ್ಲೇ ಇದ್ದ. ‘ಏನಂದ್ರು?’ ಅಂದೆ.

‘ಥ್ಯಾಂಕ್ಸ್ ಅಂದ್ರು.’

‘ಅಷ್ಟುದ್ದಕ್ಕೆ ಅಷ್ಟೇನಾ?’

‘ಅಷ್ಟೇ ಕಣ್ರೀ. ಮುಂದೆ ಇನ್ನೂ ಜನ ಇದ್ದಾರೆ, ಬಿಡಿ.’

ಆಕೆಗೆ ಕೊಟ್ಟ ಕಾಗದದಲ್ಲಿ ಮಗ ಬೀಗ ಹಾಕದೆ ಒಳಗೆ ಹೋದ ಎಂದಿದೆ. ಹಳದಿ ಬೀಗದ ಪುಸ್ತಕದಲ್ಲಿ ಅವರ ಸಹಿ ಇಲ್ಲವಲ್ಲ. ವಿಚಾರಣೆಯಲ್ಲಿ ನನ್ನನ್ನು ಎರಡೇ ಪ್ರಶ್ನೆ ಕೇಳಿದರು.

‘ಸ್ವಿಚ್ ಎತ್ತಿದಾಗ ನೀವು ಹೊರಗಿದ್ರಿ, ಅಲ್ವಾ?’

‘ಹೌದು ಸಾರ್.’

‘ಅವರು ಬೀಗ ಹಾಕಿದ್ದು ನೋಡಿದ್ರಾ?’

‘ಇಲ್ಲ ಸಾರ್.’

‘ಆಯ್ತು, ಸಹಿ ಹಾಕಿ.’

ಎರಡಕ್ಕೂ ನಿಜವನ್ನೇ ಹೇಳಿದೆ. ಸಹಿ ಹಾಕಿದೆ.

ಆ ತಾಯಿಗೆ ನಾನೇ ಬರೆಯಬೇಕು, ಯಾವ ದುಭಾಷಿಯೂ ನಡುವೆ ಬರಬಾರದು ಎಂದು ಪುಸ್ತಕ ಕೇಳಿದ್ದೆ. ನೀನು ಬರೆದ ಮಗುವಿನ ಮಾತು ಸುಳ್ಳಲ್ಲ. ಪುಸ್ತಕ ಮುಗಿಯುವವರೆಗೆ ಬರೆಯಬೇಕಾಗಿಲ್ಲ ಎನ್ನುವ ನೆಮ್ಮದಿಯೂ ಇತ್ತು.

ಬೀಗ ತೆಗೆದದ್ದು ನಾನೆಂದು ಮನೆಯಲ್ಲಿ ಗೊತ್ತಿಲ್ಲ. ನಿನ್ನ ಈಚಿನ ಕಾಗದಗಳನ್ನು ಕಾರ್ಖಾನೆಯ ಲಾಕರಿನಲ್ಲಿಟ್ಟಿದ್ದೇನೆ.

ತಮ್ಮ


ನವೆಂಬರ್ 5

ತಮ್ಮನಿಗೆ,

ನಿನ್ನ ಕಾಗದಕ್ಕೆ ಎಲ್ಲಿಯೂ ಗೆರೆ ಎಳೆಯಲಿಲ್ಲ.

ನಾನು ಸೆಪ್ಟೆಂಬರ್ ಆರರಂದೇ ಕೇಳಿದ್ದರೆ ನೀನು ಇಪ್ಪತ್ನಾಲ್ಕರಂದು ಸಹಿ ಹಾಕುತ್ತಿರಲಿಲ್ಲವೇನೋ. ಹದಿನೆಂಟು ದಿನಗಳಿದ್ದವು. ನಿನ್ನ ಹೊರೆ ಹಗುರ ಮಾಡಲು ಇದನ್ನು ಬರೆಯುತ್ತಿಲ್ಲ. ನನ್ನ ಪಾಲಿನದು ನನ್ನ ಹತ್ತಿರ ಇರಲಿ ಎಂದು ಬರೆದೆ.

ಆ ತಾಯಿಯ ಕೈಯಲ್ಲಿ ಈಗ ಮೊಹರು ಒತ್ತಿದ ಕಾಗದವೊಂದಿದೆ. ಅದರಲ್ಲಿ ಅವರ ಮಗ ನಿಯಮ ಮುರಿದವನು. ನೀನು ಬರೆದರೆ ಇನ್ನೊಂದು ಸೇರುತ್ತದೆ, ಮೊಹರಿಲ್ಲದ್ದು. ಆಕೆ ನಿನ್ನದನ್ನು ನಂಬಬಹುದು. ಆದರೆ ಯಾರಿಗೆ ತೋರಿಸುತ್ತಾರೆ? ಮೊದಲನೆಯದು ಬದಲಾಗದೆ ಎರಡನೆಯದು ಅವರಿಗೆ ಇನ್ನೊಂದು ಭಾರ, ನಿನಗೆ ಮಾತ್ರ ಬಿಡುಗಡೆ. ಬದಲಾಯಿಸಲು ಸಾಧ್ಯವಿರುವುದು ಕಾರ್ಖಾನೆ ಇನ್ಸ್‌ಪೆಕ್ಟರರ ಕಚೇರಿಯಲ್ಲಿ. ನಮ್ಮ ಊರಿನ ಕಚೇರಿಯಲ್ಲಿ ವಿಚಾರಿಸಿದೆ. ನಿಮ್ಮ ಕಡತ ಈ ತಿಂಗಳ ಇಪ್ಪತ್ತಕ್ಕೆ ಮುಚ್ಚುತ್ತಾರೆ. ನಿನ್ನ ಹೆಸರು ಹೇಳಲಿಲ್ಲ.

‘ಏನೂ ಆಗಲ್ಲ ಬಿಡು’ ಎಂದು ಬರೆಯಲು ಹೊರಟೆ, ಬರೆಯಲಿಲ್ಲ. ಆಗುತ್ತದೆ. ಕೆಲಸ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ. ಇನ್ನೂ ಹೆಚ್ಚಿನದೂ ಆಗಬಹುದು. ನನ್ನ ಮನೆಯಲ್ಲಿ ಒಂದು ಕೋಣೆ ಪುಸ್ತಕಗಳದ್ದಾಗಿತ್ತು. ಭಾನುವಾರ ಅವನ್ನೆಲ್ಲ ಹಜಾರಕ್ಕೆ ತಂದು ಹಾಕಿ, ಕೋಣೆ ಗುಡಿಸಿದೆ. ಎರಡು ಮಂಚ ಹಿಡಿಯುತ್ತವೆ. ಕಿಟಕಿಯ ಹತ್ತಿರ ಒಂದು ಓದುವ ಮೇಜೂ ಹಿಡಿಯುತ್ತದೆ.

ಅಕ್ಕ


ನವೆಂಬರ್ 13

ಅಕ್ಕಾ,

ಇವತ್ತು ರಜೆ ಹಾಕಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಈಗ ಎದ್ದೆ. ಹೇಳಿಕೆ ಬರೆದು ಮುಗಿಸಿದೆ, ನಾಲ್ಕು ಪುಟ. ಸೈರನ್ನಿನ ಹೊತ್ತಿಗೆ ನಾನು ಎಲ್ಲಿ ನಿಂತಿದ್ದೆ ಎಂದು ನಕ್ಷೆಯನ್ನೂ ಹಾಕಿದ್ದೇನೆ. ಆಪರೇಟರನ ಮೇಲೆ ಮಾತು ಬರಬಾರದೆಂದು ಅವನ ವಿಷಯ ಬೇರೆಯಾಗಿ ಬರೆದೆ. ಇನ್ಸ್‌ಪೆಕ್ಟರ್ ಸೋಮವಾರ ಹನ್ನೊಂದರಿಂದ ಒಂದರವರೆಗೆ ಸಿಗುತ್ತಾರಂತೆ. ಆ ಕಚೇರಿಯ ಗೇಟಿನವನನ್ನು ಕೇಳಿದಾಗ ‘ಯಾವ ವಿಷಯ?’ ಅಂದ. ‘ಸ್ವಂತದ್ದು’ ಅಂದೆ.

ಜೊತೆಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಯೂನಿಯನ್ನಿನವರಿಗೆ ಗೊತ್ತಾದರೆ ‘ಮನೆ ಮಠ ಇಲ್ವೇನ್ರೀ ನಿಮಗೆ’ ಅನ್ನುತ್ತಾರೆ. ಅವರು ಅನ್ನುವುದು ಸರಿಯೇ. ಅದಕ್ಕೇ ಹೇಳಿಲ್ಲ.

ಕಡತಕ್ಕೆ ನನ್ನ ಹೇಳಿಕೆ ಸೇರಿದೆ ಎಂಬ ರಸೀದಿ ಕೊಡುತ್ತಾರಂತೆ. ಅದರ ಒಂದು ಪ್ರತಿ ಆ ತಾಯಿಗೆ ಹೋಗಬೇಕು. ಜೊತೆಗೆ ನನ್ನ ಕಾಗದ, ನಮ್ಮ ಭಾಷೆಯಲ್ಲೇ. ಅದನ್ನು ಸರಿಯಾಗಿ ತಿಳಿಸಬಲ್ಲವರು ಯಾರಾದರೂ ನಿನಗೆ ಗೊತ್ತಿದ್ದರೆ ಹುಡುಕು. ಏನನ್ನೂ ಸಣ್ಣದು ಮಾಡದವರು ಬೇಕು.

ಇವಳಿಗೆ ಇವತ್ತೇ ಹೇಳಬೇಕು. ತರಗತಿ ನಾಲ್ಕಕ್ಕೆ ಬಿಡುತ್ತದೆ, ಬರುವಷ್ಟರಲ್ಲಿ ನಾಲ್ಕೂವರೆ. ಮಗಳು ಟ್ಯೂಷನ್ನಿನಿಂದ ಬರುವುದು ಆರಕ್ಕೆ. ನಡುವೆ ಒಂದೂವರೆ ಗಂಟೆ ಇದೆ. ಹೇಗೆ ಶುರುಮಾಡುವುದೆಂದು ಯೋಚಿಸಿದೆ, ಮೊದಲ ವಾಕ್ಯ ಸಿಕ್ಕಿತು, ಎರಡನೆಯದು ಸಿಕ್ಕಿಲ್ಲ. ಅವಳು ಅಳಬಹುದು, ಬೈಯಬಹುದು, ಬೇಡವೆಂದು ಕೈ ಹಿಡಿಯಬಹುದು. ಬೇಡವೆಂದರೂ ಸೋಮವಾರ ಹೋಗುತ್ತೇನೆ.

ಈಗ ನಾಲ್ಕು ಗಂಟೆ ಹತ್ತು ನಿಮಿಷ. ಕುರ್ಚಿ ಎರಡನ್ನೂ ಎದುರುಬದುರಾಗಿ ಹಾಕಿದ್ದೇನೆ. ಅವಳು ಇನ್ನೂ ಬಂದಿಲ್ಲ.

ತಮ್ಮ